ಸಾಯಿಸದ ಗುಂಡು

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಲೈಟರ್ ಇಲ್ಲ. ಒಲೆ ಹಚ್ಚುವುದು ಇವತ್ತಿಗೂ ಬೆಂಕಿಪಟ್ಟಣದಲ್ಲೇ. ಮಳೆಗಾಲದಲ್ಲಿ ಕಡ್ಡಿಗಳು ಮೆತ್ತಗಾಗಿ, ಗೀರಿದರೆ ತುದಿಯ ಮದ್ದು ಕಿತ್ತುಬರುತ್ತದೆಯೇ ಹೊರತು ಬೆಂಕಿ ಬರುವುದಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ನಾನು ಒಲೆಯ ಮುಂದೆ ನಿಂತು ಕಡ್ಡಿಯ ಮೇಲೆ ಕಡ್ಡಿ ಗೀರುವುದನ್ನು ನೋಡಿ ಕನಿಕರಪಟ್ಟ ನೆಂಟರು ಎಷ್ಟೋ ಸಲ ಲೈಟರ್ ತಂದುಕೊಟ್ಟಿದ್ದಾರೆ. ಅವರ ಬೆನ್ನು ತಿರುಗಿದ ಮೇಲೆ ಅದು ತೋಟದ ಆಳುಗಳ ಲೈನಿನ ಯಾವುದೋ ಮನೆಗೆ ಹೋಗುತ್ತದೆ. ನಮ್ಮ ತೋಟದ ಲೈನ್ ಮನೆಗಳಲ್ಲಿ ಗ್ಯಾಸ್ ಬರುವ ಮೊದಲೇ ಗ್ಯಾಸ್ ಲೈಟರ್ ಬಂದದ್ದು ನನ್ನ ದೆಸೆಯಿಂದ.

ಮೊನ್ನೆ ಬಂದಿದ್ದ ನನ್ನ ತಂಗಿಯ ಸೊಸೆ ಕೇಳಿಯೇಬಿಟ್ಟಳು. "ಏನ್ ದೊಡ್ಡತ್ತೆ, ಒಂದು ಲೈಟರ್ ತಗೊಳೋಕೆ ಇಷ್ಟು ಜಿಪುಣತನಾನಾ?"

"ನಿಮ್ಮ ದೊಡ್ಡಮಾವನಿಗೆ ಆ ಸದ್ದು ಆಗಿಬರಲ್ಲ ಕಣಮ್ಮ" ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಅದು ನಗುವ ವಿಷಯವಲ್ಲ. ಆ ಒಣ 'ಟಿಕ್' ಕಿವಿಗೆ ಬಿದ್ದರೆ ನಮ್ಮವರು ಉಣ್ಣುತ್ತಿರುವ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಯಾಕೆ ಎಂದು ಹೇಳಲು ಹೊರಟರೆ ಪಿಸ್ತೂಲಿನ ಕತೆಯನ್ನೇ ಹೇಳಬೇಕು. ಹುಡುಗಿ ಬಸ್ಸಿಗೆ ಹೊರಟಿದ್ದಳು. ನಿಮಗಾದರೆ ಪುರುಸೊತ್ತಾಗಿ ಹೇಳಬಹುದು.

ಕೋವಿ, ಮದ್ದುಗುಂಡು ನನಗೆ ಹೊಸದಲ್ಲ. ನನ್ನ ತವರು ಆನೇಮಹಲ್. ಹೆದ್ದಾರಿಯ ಮಗ್ಗುಲಲ್ಲೇ ಮನೆ. ಘಾಟಿ ಇಳಿಯುವ ಲಾರಿಗಳ ಸದ್ದಿಗೆ ನಿದ್ದೆಹೋಗಿ, ಘಾಟಿ ಹತ್ತಿ ಬರುವ ಲಾರಿಗಳ ಸದ್ದಿಗೆ ಎದ್ದು ಬೆಳೆದವಳು. ಅಪ್ಪನ ಹತ್ತಿರ ಒಂದು ತೋಟಾ ಕೋವಿ ಇತ್ತು. ತೋಟಾ ಎಂದರೆ ಮದ್ದು, ಗುಂಡು ಎಲ್ಲ ಒಳಗೇ ತುಂಬಿ ಬರುವ ಕೊಳವೆ. "ಅಪ್ಪ ಎಲ್ಲಿ?" ಎಂದು ಯಾರಾದರೂ ಕೇಳಿದರೆ "ತೋಟಾ ತಗೊಂಡು ತೋಟಕ್ಕೆ ಹೋಗವ್ರೆ" ಎಂದು ಹೇಳುವುದು ನನಗೆ ದೊಡ್ಡ ತಮಾಷೆಯಾಗಿತ್ತು. ಈಡು ಹೊಡೆದಾದ ಮೇಲೆ ಖಾಲಿ ತೋಟಾಗಳೆಲ್ಲ ನಮಗೆ. ಬಾಯಿಗಿಟ್ಟು ಊದಿದರೆ ಗೂಬೆಯ ಹಾಗೆ ಕೂಗುತ್ತಿದ್ದವು. ತುಟಿಗೆ ಅಂಟಿದ ಮದ್ದಿನ ವಾಸನೆ ಊಟದವರೆಗೂ ಹೋಗುತ್ತಿರಲಿಲ್ಲ. ಅಜ್ಜಿ ಅಂಥದ್ದೊಂದರ ಬಾಯಿಗೆ ಬಿರಡೆ ಹಾಕಿ ನಶ್ಯ ತುಂಬಿಟ್ಟುಕೊಂಡಿದ್ದರು. ಆಯುಧಪೂಜೆಯ ದಿನ ಗುದ್ದಲಿ, ಕತ್ತಿ, ಹಾರೆಗಳ ಸಾಲಿನಲ್ಲೇ ಕೋವಿಯನ್ನೂ ಮಲಗಿಸಿ ವಿಭೂತಿ ಬಳಿಯುತ್ತಿದ್ದರು. ಗದ್ದೆಗೆ ನುಗ್ಗುವ ಹಂದಿಗಾಗಿ ಇದ್ದ ಕೋವಿ ಅದು. ನಮ್ಮದು ಮಾಂಸ ಮುಟ್ಟದ ಮನೆಯಾದ್ದರಿಂದ ಬಿದ್ದ ಹಂದಿ ಆಳುಗಳ ಪಾಲು. ಯಾರ ಮೇಲೆ ಹೊಡೆಯುತ್ತೀರಿ ಎಂಬ ಪ್ರಶ್ನೆಯೇ ಆ ಕೋವಿಗೆ ಇರಲಿಲ್ಲ.

ಪಿಸ್ತೂಲು ಹಾಗಲ್ಲ. ಅದನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಕೆ. ಹೊಸಕೋಟೆಯ ಹತ್ತಿರದ ಈ ತೋಟಕ್ಕೆ ಬಂದ ಮೇಲೆ, ಮಾವನ ಕಬ್ಬಿಣದ ಬೀರುವಿನಲ್ಲಿ. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ಬಿಳಿಯ ದೊರೆಯೊಬ್ಬನಿಂದ ಮಾವನವರ ಅಪ್ಪ ಕೊಂಡದ್ದಂತೆ. ಅಂಗೈಯಗಲ, ಬೆಳ್ಳಿಯ ಬಣ್ಣ, ಹಿಡಿಗೆ ದಂತದ ಹಾಗೆ ಕಾಣುವ ಬಿಳಿಯ ಹೊದಿಕೆ. ಆಭರಣದ ಪೆಟ್ಟಿಗೆಯಲ್ಲಿಟ್ಟರೆ ಆಭರಣವೆಂದೇ ಅನ್ನಬೇಕು. ಚುನಾವಣೆ ಬಂದಾಗ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ಆಗ ಮಾತ್ರ ಅದಕ್ಕೆ ಆಲೂರು ನೋಡುವ ಭಾಗ್ಯ. ಮಾವ ಅದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋಗಿ, ಚುನಾವಣೆ ಮುಗಿದ ಮೇಲೆ ಅದೇ ಕರ್ಚೀಫಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಒಂದು ಸಲವೂ ಅದು ಹೊಡೆದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಲೈಸೆನ್ಸು ನಮ್ಮವರ ಹೆಸರಿಗಾಯಿತು. ನಮ್ಮವರ ಹೆಸರು ಮಲ್ಲೇಶಪ್ಪ. ಅವರ ಸ್ವಭಾವ ಹೇಳಬೇಕೆಂದರೆ ಒಂದು ಮಾತು ಸಾಕು: ಮಳೆಗಾಲದಲ್ಲಿ ಕಾಲಿಗೆ ಜಿಗಣೆ ಹತ್ತಿದರೆ ಎಲ್ಲರೂ ಸುಣ್ಣ ಮುಟ್ಟಿಸುತ್ತಾರೆ, ಇವರು ಉಗುರಿನಲ್ಲಿ ಮೆಲ್ಲಗೆ ಬಿಡಿಸಿ ಹುಲ್ಲಿನ ಮೇಲೆ ಬಿಡುತ್ತಾರೆ. ಅದು ಅಲ್ಲಿಂದ ಹೊರಟು ಮತ್ತೆ ನನ್ನ ಕಾಲಿಗೇ ಹತ್ತುತ್ತದೆ ಎಂಬುದು ಬೇರೆ ಮಾತು.

ಅಂಥವರಿಗೆ ಪಿಸ್ತೂಲು ಬೇಕೆನಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕಾಫಿಗೆ ಒಳ್ಳೆಯ ಬೆಲೆ ಬಂದಿತ್ತು, ಅದರ ಹಿಂದೆಯೇ ಕಳ್ಳತನವೂ ಬಂದಿತ್ತು. ಶನಿವಾರ ಬಟವಾಡೆಯ ದಿನ. ವಾರದ ಕೂಲಿಯ ಹಣವನ್ನು ಆಲೂರಿನ ಬ್ಯಾಂಕಿನಿಂದ ತರಬೇಕು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಹಾಗೆ ತರುತ್ತಿದ್ದಾಗ ಯಾರೋ ಮುಸುಕು ಹಾಕಿದವರು ಬೈಕು ಅಡ್ಡಗಟ್ಟಿದರು. ಚೀಲ ಬಿಡಲಿಲ್ಲವೆಂದು ಆ ಹಿಡಿದ ಕೈಗೇ ಕತ್ತಿ ಬೀಸಿದರು. ನಮ್ಮವರು ಹಾಸನದ ಆಸ್ಪತ್ರೆಗೆ ಹೋಗಿ ಅವನನ್ನು ನೋಡಿಕೊಂಡು ಬಂದರು. ಬಂದವರು ಕಾಫಿ ಕುಡಿಯಲಿಲ್ಲ. ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಮಾರನೆಯ ದಿನ ಬೀರುವಿನಿಂದ ಪಿಸ್ತೂಲು ಹೊರಗೆ ಬಂತು.

ಜೊತೆಯಲ್ಲಿದ್ದ ತೋಟಾಗಳಿಗೆ ಕಿಲುಬು ಹಿಡಿದಿತ್ತು. ಹೊಸದು ತರಬೇಕಾಯಿತು. ಯಾವುದು ತರಬೇಕು ಎನ್ನುವುದನ್ನು ಕೇಳಲು ಈರಣ್ಣನನ್ನು ಕರೆಸಿದೆವು. ಈರಣ್ಣ ನನ್ನ ದೊಡ್ಡಪ್ಪನ ಮಗ, ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತಿಯಾಗಿ ಊರಿಗೆ ಬಂದವನು. ಅವನು ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕುಬಿಟ್ಟ.

"ಇದು ಪಾಯಿಂಟ್ ಟೂ ಫೈವ್ ಭಾವ. ಬಲು ಸಣ್ಣ ಗುಂಡು. ಇದುಕ್ಕೆ ಜೋರು ಕಮ್ಮಿ. ತಾಮ್ರದ ಕವಚ ಇರೋ ಉಂಡೆ ಮೂತಿ ಗುಂಡೇ ತಗಳಿ. ಸಣ್ಣದಾದ್ರೂ ಒಳಕ್ಕೆ ಹೋಯ್ತದೆ."

"ಒಳಕ್ಕೆ ಅಂದ್ರೆ?"

"ಒಳಕ್ಕೆ ಅಂದ್ರೆ ಒಳಕ್ಕೆ. ಎಲ್ಲಿಗೆ ಮುಟ್ಬೇಕೋ ಅಲ್ಲಿಗೆ."

ನಮ್ಮವರು ಪಿಸ್ತೂಲನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡರು. "ಮೂತಿ ಟೊಳ್ಳಾಗಿರೋದು ಒಂದು ಬರ್ತದಂತಲ್ಲ, ಬಡಿದ ತಕ್ಷಣ ಅರಳುತ್ತಂತಲ್ಲ?"

"ಅರಳ್ಬೇಕಾದ್ರೆ ಜೋರು ಬೇಕು ಭಾವ. ಈ ಮರಿ ಪಿಸ್ತೂಲಲ್ಲಿ ಅದು ಅರಳ್ದೆ ಹೋದ್ರೂ ಹೋಯ್ತು. ಅದ್ರಾಗೆ ನಮ್ ಕಡೆ ಜನ ಮಳೇಲಿ ಏನ್ ಹಾಕ್ಕತಾರೆ? ಕಂಬಳಿ. ಆ ಉಣ್ಣೆ ಎಲ್ಲ ಟೊಳ್ಳಿಗೆ ತುಂಬ್ಕಂಡ್ರೆ ಅದೂ ಒಂದೇ, ಇದೂ ಒಂದೇ."

ಒಳಗೆ ರೊಟ್ಟಿ ತಟ್ಟುತ್ತಿದ್ದ ನನಗೆ ಆ ಮಾತು ಕೇಳಿ ಕೈ ನಿಂತುಹೋಯಿತು. ಯಾರ ಕಂಬಳಿ? ಅಲ್ಲಿಯವರೆಗೆ ನನ್ನ ಕಣ್ಣಮುಂದೆ ಇದ್ದದ್ದು ಕಳ್ಳ ಎನ್ನುವ ಒಂದು ಕಪ್ಪು ಆಕಾರ ಮಾತ್ರ. ಈಗ ಅವನಿಗೆ ಕಂಬಳಿ ಬಂತು. ಕಂಬಳಿಯೊಳಗೆ ಮೈ ಬಂತು.

ಹಾಸನದ ಕೋವಿ ಅಂಗಡಿಗೆ ನಾವು ಮೂವರೂ ಹೋದೆವು. ಅಂಗಡಿಯ ಸಾಹೇಬರು ವಯಸ್ಸಾದವರು, ಮಾವನವರನ್ನು ಬಲ್ಲವರು. ನನಗೆ ಸ್ಟೂಲು ಹಾಕಿಸಿ, ಟೀ ತರಿಸಿದರು. ಈ ಅಳತೆಯ ತೋಟಾ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ, ಹಿಂದೆ ಯಾವಾಗಲೋ ಹೊರಗಿನಿಂದ ಬಂದ ಸರಕಿನಲ್ಲಿ ಉಳಿದದ್ದಷ್ಟೇ ಇದೆ ಎಂದು ಹೇಳಿ ಎರಡು ಪೊಟ್ಟಣ ಗಾಜಿನ ಮೇಲಿಟ್ಟರು. ಒಂದರಲ್ಲಿ ಉಂಡೆ ಮೂತಿಯ ತಾಮ್ರದ ಗುಂಡು. ಇನ್ನೊಂದರಲ್ಲಿ ತುದಿಗೆ ಸೂಜಿಯಲ್ಲಿ ಕೊರೆದ ಹಾಗೆ ಟೊಳ್ಳು ಇದ್ದದ್ದು. ಹುರುಳಿಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗು ಮುಟ್ಟಿ ನೋಡುವ ಹಾಗೆ ನಾನೂ ಒಂದನ್ನು ಎತ್ತಿ ನೋಡಿದೆ. ತಣ್ಣಗಿತ್ತು.

ನಮ್ಮವರು ಕೇಳಿದರು, "ಸಾಹೇಬ್ರೆ, ಮನುಷ್ಯ ನಿಲ್ಬೇಕು, ಸಾಯಬಾರ್ದು. ಅಂಥದ್ದು ಯಾವುದಾದ್ರೂ ಐತಾ?"

ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಅಂಥ ಗುಂಡು ಯಾರೂ ಮಾಡಿಲ್ಲ ಸ್ವಾಮಿ. ಮಾಡಿದ್ರೆ ನಾನೇ ಮೊದಲು ತರಿಸ್ತಿದ್ದೆ. ಇಷ್ಟು ವರ್ಷದಲ್ಲಿ ನೀವು ಕೇಳಿದ್ದನ್ನ ಕೇಳಿದೋರು ಕಮ್ಮಿ."

"ಹೋಗ್ಲಿ, ಇವೆರಡರಲ್ಲಿ ಯಾವುದು ಕಮ್ಮಿ ಕೇಡು?"

"ಎದುರಿಗೆ ನಿಂತೋನಿಗಾ, ಅವನ ಹಿಂದೆ ನಿಂತೋನಿಗಾ?"

ನಮ್ಮವರು ತಬ್ಬಿಬ್ಬಾದರು. ಹಿಂದೆ ಇನ್ನೊಬ್ಬ ಇರಬಹುದೆಂದು ಅವರು ಯೋಚಿಸಿಯೇ ಇರಲಿಲ್ಲ. ಸಾಹೇಬರು ಬಿಡಿಸಿ ಹೇಳಿದರು. ಕವಚದ ಗುಂಡು ನೆಟ್ಟಗೆ ಹೋಗುತ್ತದೆ, ಕೆಲವೊಮ್ಮೆ ಆಚೆಗೂ ಬರುತ್ತದೆ. ಟೊಳ್ಳು ಮೂತಿಯದು ಅರಳಿದರೆ ಒಳಗೇ ನಿಂತುಬಿಡುತ್ತದೆ. "ಆದ್ರೆ ಇದು ಬಹಳ ಹಳೇ ಮಾಲು. ಗ್ಯಾರಂಟಿ ಅಂತ ನಾನು ಹೇಳಲ್ಲ."

ಈರಣ್ಣ ಪಿಸುಗುಟ್ಟಿದ, "ಭಾವ, ಹಳೇದು ಬ್ಯಾಡ. ಕವಚದ್ದೇ ತಗಳಿ. ಸಮಯಕ್ಕೆ ಆಗೋದು ಅದೇ."

"ಹಿಂದೆ ಯಾರಾದ್ರೂ ಹೆಂಗಸು ಸೌದೆ ಹೊತ್ಕಂಡು ಬರ್ತಿದ್ರೆ?" ಎಂದರು ನಮ್ಮವರು. ಟೊಳ್ಳು ಮೂತಿಯ ಪೊಟ್ಟಣವನ್ನೇ ಮುಂದಕ್ಕೆ ಎಳೆದುಕೊಂಡರು. ಸೌದೆ ಹೊತ್ತು ಬರುವ, ಹೆಸರಿಲ್ಲದ ಆ ಹೆಂಗಸಿಗಾಗಿ ನಮ್ಮ ಮನೆಗೆ ಆ ಗುಂಡು ಬಂತು.

ಮನೆಗೆ ಬಂದ ಮೇಲೆ ಈರಣ್ಣ ಒಂದು ಬಾಳೆದಿಂಡಿಗೆ ಹಳೆಯ ಕಂಬಳಿ ಸುತ್ತಿ ನಿಲ್ಲಿಸಿದ. ನಮ್ಮವರು ಮುಖ ಕಿವುಚಿಕೊಂಡು ಪಿಸ್ತೂಲಿನ ಕುದುರೆ ಎಳೆದರು. ದೀಪಾವಳಿಯ ಪಟಾಕಿಗಿಂತ ಚಿಕ್ಕ ಸದ್ದು. ತೋಟಾ ಹಳೆಯದಾದರೂ ಹಾರಿತು. ಕಂಬಳಿ ಬಿಚ್ಚಿ ನೋಡಿದರೆ ದಿಂಡಿನಲ್ಲಿ ಒಂದು ಸಣ್ಣ ತೂತು. ನಮ್ಮವರು ಅದಕ್ಕೆ ಕಿರುಬೆರಳು ತೂರಿಸಿದರು. ಬೆರಳಿನ ಗುಂಟ ನೀರು ಇಳಿದು ಮೊಣಕೈಯವರೆಗೆ ಬಂತು. "ಸಾಕು" ಎಂದರು. ಲೈಸೆನ್ಸಿನಲ್ಲಿ ಸಿಗುವುದೇ ಕೆಲವು, ಪರೀಕ್ಷೆಗೆಂದು ಎಲ್ಲವನ್ನೂ ಸುಡುವ ಹಾಗಿಲ್ಲ ಎಂದು ಈರಣ್ಣನೂ ಸುಮ್ಮನಾದ. ಆ ದಿಂಡನ್ನು ನಾನು ಪಲ್ಯ ಮಾಡಲಿಲ್ಲ. ಹಸುವಿಗೆ ಹಾಕಲೂ ಮನಸ್ಸು ಬರಲಿಲ್ಲ.

ಅಲ್ಲಿಂದ ಮುಂದೆ ಶನಿವಾರಗಳಂದು ಪಿಸ್ತೂಲು ನಮ್ಮವರ ಜುಬ್ಬದ ಜೇಬಿನಲ್ಲಿರುತ್ತಿತ್ತು. ಇವರೊಬ್ಬರನ್ನೇ ಕಳಿಸಲು ನನಗೆ ಧೈರ್ಯ ಸಾಲದೆ, ಸಾಮಾನು ತರುವ ನೆಪ ಮಾಡಿಕೊಂಡು ನಾನೂ ಜೀಪು ಹತ್ತುತ್ತಿದ್ದೆ. ಏನಾದರೂ ಆದರೆ ಸಂತೆಚೀಲ ಬೀಸಿ ಕಾಪಾಡುತ್ತೇನೆಂದುಕೊಂಡಿದ್ದೆನೋ ಏನೋ. ಜೇಬಿಗೆ ಅದು ಬಂದ ಮೇಲೆ ನಮ್ಮವರ ಭಯ ಕಡಿಮೆಯಾಗಬೇಕಿತ್ತು. ಹಾಗಾಗಲಿಲ್ಲ. ಮೊದಲು ರಸ್ತೆಯಲ್ಲಿ ಯಾರಾದರೂ ಕೈ ಎತ್ತಿದರೆ ಜೀಪು ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದವರು ಈಗ ಕೈ ಎತ್ತಿದವರ ಇನ್ನೊಂದು ಕೈ ಎಲ್ಲಿದೆ ಎಂದು ನೋಡತೊಡಗಿದರು.

ಮುಂಗಾರು ಹಿಡಿಯುವ ಹೊತ್ತು. ಒಂದು ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ಹಿಂದಿರುಗುತ್ತಿದ್ದೆವು. ಸೋನೆ ಮಳೆ, ಅದರ ಜೊತೆಗೆ ಮಂಜು. ಹೊಸಕೋಟೆ ದಾಟಿ ತೋಟದ ಕಚ್ಚಾ ರಸ್ತೆಗೆ ತಿರುಗಿದ ಮೇಲೆ ಒಂದು ಏರು, ಏರಿನ ತುದಿಗೆ ಒಂದು ತಿರುವು. ಏರು ಹತ್ತುತ್ತಿದ್ದಂತೆ ಕಾಫಿ ಗಿಡಗಳ ನಡುವಿನಿಂದ ಒಬ್ಬ ರಸ್ತೆಗೆ ಹಾರಿದ. ತಲೆಯಿಂದ ಮಂಡಿಯವರೆಗೆ ಕಂಬಳಿಕೊಪ್ಪೆ, ಮುಖ ಕಾಣದು. ಎತ್ತಿದ ಕೈಯಲ್ಲಿ ಕತ್ತಿ.

ನಮ್ಮವರು ಬ್ರೇಕು ಒತ್ತಿದರು. ಅವನು ಏನೋ ಕೂಗುತ್ತ ಚಾಲಕನ ಪಕ್ಕಕ್ಕೇ ಓಡಿಬಂದ. ಎಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನನ್ನ ಕಾಲು ಹಣದ ಚೀಲವನ್ನು ಸೀಟಿನ ಕೆಳಕ್ಕೆ ಒತ್ತಿತು. ನಮ್ಮವರ ಕೈ ಜೇಬಿಗೆ ಹೋದದ್ದು, ಬೆಳ್ಳಿಯ ಹಾಗೆ ಹೊಳೆದದ್ದು, ಅದು ಅವನ ಎದೆಯ ಕಡೆಗೆ ಚಾಚಿದ್ದು ಎಲ್ಲ ಕಂಡಿತು. ನಡುವೆ ಒಂದು ಮಾರು ಜಾಗವೂ ಇರಲಿಲ್ಲ.

ಟಿಕ್ ಎಂದಿತು.

ಅಷ್ಟೇ. ಅಷ್ಟು ಗದ್ದಲದಲ್ಲಿ ಆ ಸದ್ದು ನನಗೆ ಕೇಳಿಸಿತು.

ಅವನು ಜೀಪಿನ ಕಂಬಿ ಹಿಡಿದು ಏದುಸಿರು ಬಿಟ್ಟ. ಕೊಪ್ಪೆ ಹಿಂದಕ್ಕೆ ಸರಿಯಿತು. ನೋಡಿದರೆ ತಿಮ್ಮಯ್ಯ. ಪಕ್ಕದ ಎಸ್ಟೇಟಿನಲ್ಲಿ ಮರಗಸಿ ಮಾಡುವವನು, ಕಾಫಿಗೆ ಬಿಸಿಲು ಬೀಳಲೆಂದು ಮರ ಹತ್ತಿ ಕೊಂಬೆ ಸವರುವುದೇ ಅವನ ಕೆಲಸ. ಮುಖ ನೋಡಿದರೆ ಗುರುತು ಹಿಡಿಯುವಷ್ಟು ಪರಿಚಯ.

"ಗಾಡಿ ಆಫ್ ಮಾಡಿ ಸಾವ್ಕಾರ್ರೆ! ಸದ್ದು ಮಾಡ್ಬ್ಯಾಡಿ! ತಿರುವಿನಾಗೆ ಆನೆ ಐತೆ!"

ನಮ್ಮವರಿಗೆ ಎಂಜಿನ್ ಆಫ್ ಮಾಡುವ ಎಚ್ಚರವೂ ಇರಲಿಲ್ಲ. ನಾನೇ ಬಾಗಿ ಬೀಗದ ಕೈ ತಿರುಗಿಸಿದೆ. ಅವರ ಕೈ ಇನ್ನೂ ಚಾಚಿಕೊಂಡೇ ಇತ್ತು. ತಿಮ್ಮಯ್ಯ ಆ ಹೊಳೆಯುವ ವಸ್ತುವನ್ನು ನೋಡಿದ. ಆಗೆಲ್ಲ ಫ್ಯಾನ್ಸಿ ಅಂಗಡಿಗಳಲ್ಲಿ ಪಿಸ್ತೂಲಿನ ಆಕಾರದ ಲೈಟರುಗಳು ಬರುತ್ತಿದ್ದವು.

"ಲೈಟರ್ರಾ ಸಾವ್ಕಾರ್ರೆ? ಥಂಡಿಗೆ ಹತ್ತುನಿಲ್ವಾ?" ಎಂದ. ಕಂಬಳಿಯೊಳಗೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಬೆಂಕಿಪಟ್ಟಣ ತೆಗೆದು ನಮ್ಮವರ ಎಡಗೈಯಲ್ಲಿಟ್ಟ. "ಇದ್ರಾಗೆ ಹಚ್ಕಳಿ. ಆದ್ರೆ ಇಲ್ಲಿ ಬ್ಯಾಡ. ಗಾಡಿ ನೂಕ್ತೀನಿ, ಸದ್ದಿಲ್ದಂಗೆ ಹಿಂದುಕ್ಕೆ ಬುಟ್ಕಳಿ."

ನಮ್ಮವರು ಬೀಡಿ ಸಿಗರೇಟು ಸೇದುವವರಲ್ಲ. ಬೆಂಕಿಪಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ತಿಮ್ಮಯ್ಯ ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಜೀಪನ್ನು ಇಳಿಜಾರಿಗೆ ನೂಕಿದ. ಮಂಜಿನಲ್ಲಿ ಅವನು ನಿಂತಲ್ಲೇ ಮಸುಕಾಗುತ್ತ ಹೋದ. ನಾವು ಸುತ್ತುದಾರಿ ಹಿಡಿದೆವು.

ಸ್ವಲ್ಪ ದೂರ ಬಂದ ಮೇಲೆ ನಮ್ಮವರು ಜೀಪು ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟರು.

"ಗಿರಿಜಾ, ನಾನು ಅವನಿಗೆ ಹೊಡೆದೆ."

"ಇಲ್ಲ ಕಣ್ರೀ. ಹೊಡೀಲಿಲ್ಲ."

"ಗುಂಡು ಹೊಡೀಲಿಲ್ಲ. ನಾನು ಹೊಡೆದೆ."



ಸಂಜೆ ಬಟವಾಡೆ ಎಂದಿನಂತೆ ನಡೆಯಿತು. ವಿಷಯ ಕೇಳಿ ಓಡಿಬಂದ ಈರಣ್ಣ ಗುಂಡು ಹಾರದ್ದಕ್ಕೆ ಮೊದಲು ದೇವರಿಗೆ ಕೈಮುಗಿದ. ಆಮೇಲೆ ಗಟ್ಟಿಯಾಗಿ ಹೇಳಿದ, "ಭಾವ, ಅವನು ಲೈಟರ್ ಅಂತ ತಿಳ್ಕಂಡವ್ನೆ. ಹಂಗೇ ಇರ್ಲಿ. ನೀವು ಬಾಯಿ ಬುಟ್ರೆ ಕೇಸಾಯ್ತದೆ, ಜೈಲಾಯ್ತದೆ. ಯಾರಿಗೇನು ಲಾಭ?"

"ಅವನು ನನ್ನ ಉಳಿಸ್ದೆ ಅಂತ ತಿಳ್ಕಂಡವ್ನೆ ಈರಣ್ಣ" ಎಂದರು ನಮ್ಮವರು. "ನಾಳೆ ಎದುರಿಗೆ ಸಿಕ್ಕಿ ನಗ್ತಾನೆ. ನಾನು ಹೆಂಗೆ ನಗ್ಲಿ?"

ಮಾರನೆಯ ಬೆಳಿಗ್ಗೆ ನಾವಿಬ್ಬರೂ ತಿಮ್ಮಯ್ಯನ ಮನೆಗೆ ಹೋದೆವು. ಅವನ ಹೆಂಡತಿ ಕೆಂಚಮ್ಮ ಜಗಲಿಗೆ ಚಾಪೆ ಹಾಸಿ, ಬೆಲ್ಲದ ಕಾಪಿ ತಂದಿಟ್ಟಳು. ಗಂಡ ಆನೆಯಿಂದ ಸಾವ್ಕಾರರನ್ನು ಪಾರುಮಾಡಿದ ಹೆಮ್ಮೆ ಅವಳ ಮುಖದಲ್ಲಿತ್ತು. ಉಡುಗೊರೆ ಕೊಡಲು ಬಂದಿದ್ದಾರೆಂದು ಎಣಿಸಿದ್ದಳೋ ಏನೋ. ನಮ್ಮವರು ಲೋಟ ಮುಟ್ಟಲಿಲ್ಲ.

"ತಿಮ್ಮಯ್ಯ, ಅದು ಲೈಟರ್ ಅಲ್ಲ. ಪಿಸ್ತೂಲು. ನೀನು ಕಳ್ಳ ಅಂತ ತಿಳಿದು ಕುದುರೆ ಎಳೆದೆ. ತೋಟಾ ಹಳೇದಾಗಿತ್ತು, ಹಾರ್ಲಿಲ್ಲ."

ತಿಮ್ಮಯ್ಯ ಅರ್ಥವಾಗದವನ ಹಾಗೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು.

"ಇಲ್ಗಾ?"

"ಹೂಂ."

ಕೆಂಚಮ್ಮ ಲೋಟಗಳನ್ನು ಒಂದು ಬದಿಗೆ ಸರಿಸಿದಳು. ದನಿ ಏರಿಸಲಿಲ್ಲ. "ಕಂಬಳಿ ಹಾಕ್ಕಂಡೋರೆಲ್ಲ ಕಳ್ರಾ ಸಾವ್ಕಾರ್ರೆ? ಮಳೇಲಿ ನಾವು ಇನ್ನೇನ್ ಹಾಕ್ಕಬೇಕು?"

ನಮ್ಮವರು ತಲೆ ತಗ್ಗಿಸಿ ಕೈಮುಗಿದರು. ಠಾಣೆಗೆ ಹೋಗಬೇಕೆಂದರೆ ತಾವೇ ಜೊತೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳುವುದಾಗಿ ಅಂದರು. ತಿಮ್ಮಯ್ಯ ಬೇಡವೆಂದು ಕೈಯಾಡಿಸಿದ. ಎದ್ದು ನಿಂತ.

"ನೀವು ಯೋಳ್ಬಾರ್ದಾಗಿತ್ತು ಸಾವ್ಕಾರ್ರೆ. ನಿನ್ನೆ ಚೆನ್ನಾಗಿ ನಿದ್ದೆ ಬಂದಿತ್ತು. ಇವತ್ತು ಬರಾಕಿಲ್ಲ."

ಅಷ್ಟು ಹೇಳಿ ಕತ್ತಿ ತೆಗೆದುಕೊಂಡು ಹಿತ್ತಲ ಕಡೆಗೆ ಹೊರಟುಹೋದ.

ಅದೇ ವಾರ ಪಿಸ್ತೂಲನ್ನು ಹಾಸನದ ಅಂಗಡಿಗೆ ಒಪ್ಪಿಸಿ, ಲೈಸೆನ್ಸು ಬೇಡವೆಂದು ಡಿ.ಸಿ. ಆಫೀಸಿಗೆ ಬರೆದುಕೊಟ್ಟೆವು. ಸಾಹೇಬರು ಹಾರದ ತೋಟಾವನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಹಿಂಬದಿಯಲ್ಲಿ ಪಿಸ್ತೂಲಿನ ಮೊಳೆ ಬಡಿದು ಸಾಸಿವೆಯಷ್ಟು ತಗ್ಗು ಬಿದ್ದಿತ್ತು. "ಏಟು ಸರಿಯಾಗೇ ಬಿದ್ದೈತೆ" ಎಂದು ತಮಗೆ ತಾವೇ ಅಂದುಕೊಂಡು, "ಯಾವುದಕ್ಕೆ ಹೊಡೆದಿದ್ರಿ?" ಎಂದು ಕೇಳಿದರು.

"ಮನುಷ್ಯನಿಗೆ" ಎಂದರು ನಮ್ಮವರು.

ಸಾಹೇಬರು ಅಂಗಡಿಯ ಮೆಟ್ಟಿಲವರೆಗೆ ಬಂದು ನಮ್ಮನ್ನು ಕಳಿಸಿಕೊಟ್ಟರು.

ಹೇಳಿದ್ದು ಸರಿಯೋ ತಪ್ಪೋ ಎಂದು ನಾವು ಎಷ್ಟೋ ದಿನ ಮಾತಾಡಿಕೊಂಡೆವು. ಹೇಳಿದ್ದರಿಂದ ನಮ್ಮವರ ಭಾರ ಇಳಿಯಲಿಲ್ಲ. ತಿಮ್ಮಯ್ಯನ ತಲೆಯ ಮೇಲೂ ಒಂದಷ್ಟು ಕೂತಿತು, ಅಷ್ಟೆ. ನಮ್ಮ ಲೈನಿನ ಹೆಂಗಸರು ಹೇಳಿದರು, ತಿಮ್ಮಯ್ಯ ಈಗ ಗಾಡಿಯ ಸದ್ದು ಕೇಳಿದರೆ ರಸ್ತೆ ಬಿಟ್ಟು ಮರದ ಹಿಂದೆ ನಿಲ್ಲುತ್ತಾನಂತೆ, ಅದು ಬಸ್ಸಾದರೂ ಸರಿ. ಈ ಮಾತು ಕೇಳಿದ ಮೇಲೆ ನಮ್ಮವರು ಒಂದು ಅಭ್ಯಾಸ ಹಚ್ಚಿಕೊಂಡರು. ಆ ಏರಿನ ಕೆಳಗೆ ಜೀಪು ನಿಲ್ಲಿಸಿ, ಇಳಿದು, ಬರಿಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ತಿರುವಿನವರೆಗೆ ನಡೆದುಹೋಗಿ ಬರುವರು. ಆಮೇಲೆ ಜೀಪು ಹೊರಡಿಸುವರು. ಆನೆ ನೋಡಲು ಹೋಗುತ್ತಾರೆ ಎಂದುಕೊಂಡಿದ್ದೆ. ತಿಮ್ಮಯ್ಯ ಎಲ್ಲಾದರೂ ಮರದ ಮೇಲಿದ್ದರೆ ಅವನಿಗೆ ಕಾಣಲಿ ಎಂದು ಹೋಗುತ್ತಿದ್ದರೆಂಬುದು ನನಗೆ ಹೊಳೆಯಲು ಮಳೆಗಾಲವೆಲ್ಲ ಬೇಕಾಯಿತು.

ಮಳೆ ಮುಗಿಯಿತು. ಹಣ್ಣು ಕೊಯ್ದಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಘಮಘಮ ಎನ್ನುತ್ತಿದ್ದ ಒಂದು ಬೆಳಿಗ್ಗೆ ಆಲೂರಿಗೆ ಹೊರಟಿದ್ದೆವು. ರಸ್ತೆಯ ಪಕ್ಕದಲ್ಲಿ ತಿಮ್ಮಯ್ಯ ನಿಂತಿದ್ದ. ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡಿದ್ದ. ನಮ್ಮವರು ದೂರದಲ್ಲೇ ಜೀಪು ನಿಧಾನ ಮಾಡಿದರು. ಅವನು ಮರದ ಹಿಂದಕ್ಕೆ ಹೋಗಲಿಲ್ಲ. ಕೈಯನ್ನೂ ಎತ್ತಲಿಲ್ಲ. ಜೀಪು ಬಂದು ನಿಂತ ಮೇಲೆ ಕೇಳಿದ:

"ಆಲೂರ್ಗಾ? ನಾನೂ ಬತ್ತೀನಿ."

ನಾನು ಇಳಿದು ಹಿಂದೆ ಹೋಗಿ ಕುಳಿತೆ. ಅವನು ಮುಂದಿನ ಸೀಟಿನಲ್ಲಿ ನಮ್ಮವರ ಪಕ್ಕದಲ್ಲಿ ಕುಳಿತ. ಹೊಸಕೋಟೆ ದಾಟಿದ ಮೇಲೆ ರಸ್ತೆಯನ್ನೇ ನೋಡುತ್ತ ಅಂದ:

"ಅವತ್ತು ತಿರುವಿನಾಗೆ ಏನಿತ್ತು ಅಂತ ನೀವು ಕೇಳ್ಲೇ ಇಲ್ಲ."

"ಆನೆ ಅಂದೆಯಲ್ಲ ತಿಮ್ಮಯ್ಯ."

"ಆನೆ ಅಂದೆ. ಬರೀ ಆನೆ ಅಲ್ಲ ಸಾವ್ಕಾರ್ರೆ. ಮರಿ ಹಾಕ್ತಾ ಇತ್ತು. ರಸ್ತೆ ಮ್ಯಾಲೇ. ನಾನು ಮರದ್ ಮ್ಯಾಲಿದ್ದೆ. ಎಲ್ಲಾನೂ ನೋಡ್ಬುಟ್ಟೆ. ಮರಿ ಕೆಳಕ್ಕೆ ಬಿದ್ದಿತ್ತು, ಇನ್ನೂ ಎದ್ದಿರ್ನಿಲ್ಲ. ಅಷ್ಟೊತ್ತಿಗೆ ನಿಮ್ ಗಾಡಿ ಸದ್ದು ಬತ್ತು. ಗಾಡಿ ಕಂಡ್ರೆ ತಾಯಿ ಬುಡ್ತಿತ್ತಾ? ಅದುಕ್ಕೇ ಆಚೆ ಕಡೆಯಿಂದ ಜಾರ್ಕಂಡು ಇಳ್ದು ಓಡ್ಬಂದೆ."

ನಮ್ಮವರು ಜೀಪಿನ ವೇಗ ಇಳಿಸಿದರು.

"ಅಂಥದ್ದನ್ನ ನಮ್ಮಪ್ಪ ನೋಡಿರ್ನಿಲ್ಲ, ನಮ್ಮಜ್ಜ ನೋಡಿರ್ನಿಲ್ಲ" ಎಂದ ತಿಮ್ಮಯ್ಯ. "ಊರಿಗೆಲ್ಲ ಯೋಳ್ಬೇಕು ಅಂತಿದ್ದೆ. ಬೆಳಗಾಗೆ ನೀವು ಬಂದ್ರಿ. ಆಮ್ಯಾಕೆ ಯಾರಿಗೂ ಯೋಳಾಕೆ ಆಗ್ನಿಲ್ಲ. ನನ್ ಹೆಂಡ್ರಿಗೂ ಆನೆ ಐತೆ ಅಂದಿದ್ದಷ್ಟೇ, ಮರಿ ಸುದ್ದಿ ಯೋಳಿಲ್ಲ. ಆ ಸುದ್ದಿ ತಗದ್ರೆ ಈ ಸುದ್ದಿನೂ ಬತ್ತದಲ್ಲ."

ನಮ್ಮವರು ಜೀಪನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದರು. ಎರಡೂ ಬದಿಯ ಕಾಫಿ ಹೂವಿನಲ್ಲಿ ಜೇನುನೊಣಗಳ ಸದ್ದು ಬಿಟ್ಟರೆ ಬೇರೇನಿರಲಿಲ್ಲ.

"ಈಗ ಹೇಳು ತಿಮ್ಮಯ್ಯ. ಮೊದಲಿಂದ ಹೇಳು."

ತಿಮ್ಮಯ್ಯ ಅವರ ಮುಖ ನೋಡಿದ. ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಇಬ್ಬರಿಗೂ ಕಾಣುವ ಹಾಗೆ ಸೀಟಿನ ಮೇಲೆ ಅಡ್ಡ ಕುಳಿತು, ಎರಡೂ ಕೈ ಅಗಲಿಸಿದ.

"ಮೊದ್ಲು ಒಂದು ಮುದಿ ಹೆಣ್ಣಾನೆ ಬಂದು ರಸ್ತೆನೆಲ್ಲ ಮೂಸ್ತು ಕಣ್ರಮ್ಮ..."